ಹಟ್ಟಿ ಕಲ್ಲು ಮುಟ್ಟಿ ಬಂದ ಮೇಷ್ಟ್ರು

ಹೋದ ಭಾನುವಾರ ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಮೇಲೆ ನಾನೇ ತಕರಾರು ಎತ್ತಿದೆ.

ತಮಾಷೆಗಲ್ಲ. ಹತ್ತು ಕಿಲೋಮೀಟರ್ ರಸ್ತೆ ಓಟ, ನಲವತ್ತು ದಾಟಿದವರ ವಿಭಾಗ. ಓಡಿ ಬಂದವನು ನಾನು. ಟೈಮ್ ಬರೆದುಕೊಳ್ಳುವವರ ಟೇಬಲ್ಲಿನ ಮುಂದೆ ಏದುಸಿರು ಬಿಡುತ್ತಾ ನಿಂತು, ಇಷ್ಟು ಚೆನ್ನಾಗಿ ನಾನು ಓಡಿರಲು ಸಾಧ್ಯವೇ ಇಲ್ಲ ಅಂತ ಜಗಳ ತೆಗೆದವನೂ ನಾನೇ.

‘ಐವತ್ತಾರು ನಿಮಿಷ, ಹನ್ನೊಂದು ಸೆಕೆಂಡ್ ರಿ ಸರ್,’ ಅಂದರು ಟೇಬಲ್ಲಿನ ಹಿಂದೆ ಕೂತಿದ್ದ ಸಂಘಟಕರು.

‘ನಿಮ್ಮ ವಾಚ್ ನಿಂತಿರಬೇಕು ನೋಡ್ರಿ.’

‘ಎರಡು ವಾಚ್ ಅದಾವ್ರಿ. ಎರಡೂ ನಡ್ಯಾಕ ಹತ್ಯಾವ.’

ಪಕ್ಕದಲ್ಲೇ ನಿಂತಿದ್ದ ನನ್ನ ಮಗಳು ಚೈತ್ರಾ (ಆರನೇ ಕ್ಲಾಸು, ಅಪ್ಪನಿಗಿಂತ ಲೆಕ್ಕದಲ್ಲಿ ಚುರುಕು) ನಮ್ಮ ಮನೆಯ ಡಿಜಿಟಲ್ ವಾಚನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ‘ಅಪ್ಪಾ, ಇದ್ರಾಗೂ ಐವತ್ತಾರ ಐತಿ.’

ಮೂರು ವಾಚು ಒಟ್ಟಿಗೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಉಳಿದದ್ದೇನು? ‘ಹಂಗಾರ ನಿಮ್ಮ ರಸ್ತಿ ಗಿಡ್ಡ ಐತಿ,’ ಅಂದೆ.

ಸಂಘಟಕರ ಮುಖ ಕೆಂಪಾಯಿತು. ‘ಸರ್ವೆದವ್ರನ್ನ ಕರ್ಸಿ, ಸರಪಳಿ ಹಾಕಿ ಅಳತಿ ಮಾಡ್ಸೀವ್ರಿ ಸರ್! ಇಲ್ಲಿಂದ ಹಂಪಸಾಗರದ ರಸ್ತ್ಯಾಗ ಐದು ಕಿಲೋಮೀಟರ್, ಮತ್ತ ವಾಪಸ್ ಐದು. ಒಂದು ಗೇಣು ಹೆಚ್ಚಿಲ್ಲ, ಕಮ್ಮಿಲ್ಲ. ನೀವೇನು ಫಸ್ಟ್ ಬಂದಿಲ್ಲ, ಹದಿನಾಕು ಮಂದ್ಯಾಗ ಒಂಬತ್ತನೇದವ್ರು. ಚಲೋ ಓಡೀರಿ ಅಂದ್ರ ನಿಮಗ್ಯಾಕ್ರಿ ಇಷ್ಟು ಸಂಕಟ?’

ಆಗ ಜನರ ಮಧ್ಯದಿಂದ ಒಂದು ನಗು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ, ಗುರುತು ಸಿಗದೆ ಇರುತ್ತದೆಯೇ? ನನ್ನ ಹೆಂಡತಿ ಶಿವಲೀಲಾ.

ಅವಳು ಯಾಕೆ ನಕ್ಕಳು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಅಂಕಣ ಓದುವವರಿಗೆ ಗೊತ್ತಿದೆ, ನಾನು ಕೊಟ್ಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು. ವಯಸ್ಸು ನಲವತ್ತೊಂದು. ಹೊಟ್ಟೆಯ ವಿಷಯ ಬೇಡ. ಎರಡು ವರ್ಷದ ಹಿಂದೆ ಶಾಲೆಯ ಕ್ರೀಡಾಕೂಟದಲ್ಲಿ ಮೇಷ್ಟ್ರುಗಳಿಗೂ ಒಂದು ಓಟ ಇಟ್ಟಿದ್ದರು. ಕೊನೆಯವನಾಗಿ ಬಂದೆ. ಬೇಜಾರಾದದ್ದು ಅದಕ್ಕಲ್ಲ. ನನ್ನ ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರಲ್ಲ, ಪಾಪ ಅನ್ನುವ ಮುಖ ಮಾಡಿಕೊಂಡು, ಅದಕ್ಕೆ. ಮಾರನೆಯ ದಿನವೇ ಕ್ಯಾನ್ವಾಸ್ ಶೂ ತಂದೆ.

ಹೋದ ವರ್ಷ ಇದೇ ಹಗರಿಬೊಮ್ಮನಹಳ್ಳಿಯ ಓಟದಲ್ಲಿ ಒಂದು ಗಂಟೆ ನಾಲ್ಕು ನಿಮಿಷ ತೆಗೆದುಕೊಂಡೆ. ಹತ್ತು ಕಿಲೋಮೀಟರೂ ಒಬ್ಬರ ಬೆನ್ನು ನೋಡುತ್ತಾ ಓಡಿದ್ದೆ. ಹರಪನಹಳ್ಳಿಯ ಬಟ್ಟೆ ಅಂಗಡಿಯ ಸಾಹುಕಾರರು. ನನಗಿಂತ ಎಂಟು ವರ್ಷ ದೊಡ್ಡವರು! ಮುಗಿದ ಮೇಲೆ ಬೆನ್ನು ತಟ್ಟಿ, ‘ಮುಂದಿನ ವರ್ಷ ಪ್ರಯತ್ನ ಮಾಡಿ ಸಾರ್, ಆಗುತ್ತೆ’ ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹಾಗಾಗಿಯೇ ಹೆಚ್ಚು ಚುಚ್ಚಿತು.

ನಲವತ್ತಾದ ಮೇಲೆ ಯಾವುದು ತಾನೇ ಸುಧಾರಿಸುತ್ತದೆ ಹೇಳಿ? ಕಣ್ಣೇ? ಕೂದಲೇ? ನೆನಪೇ? ಎಲ್ಲವೂ ಒಂದೇ ದಿಕ್ಕಿಗೆ ಹೊರಟಿವೆ. ಒಂದೇ ಒಂದು ವಿಷಯದಲ್ಲಾದರೂ ಹೋದ ವರ್ಷದ ನನಗಿಂತ ಈ ವರ್ಷದ ನಾನು ಮೇಲು ಅಂತ ಆಗಬೇಕಿತ್ತು. ಒಂದು ಗಂಟೆಯೊಳಗೆ ಹತ್ತು ಕಿಲೋಮೀಟರ್. ಇಷ್ಟೇ ಆಸೆ. ಸಣ್ಣದು ಅನ್ನಿಸಬಹುದು, ಆದರೆ ಕ್ಲಾಸಿನಲ್ಲಿ ಪಾಠ ಮಾಡುವಾಗಲೂ ಅದು ತಲೆಯಲ್ಲಿ ಕೂತಿರುತ್ತಿತ್ತು.

ಅಡ್ಡ ಬಂದದ್ದು ನಲ್ಲಿ.

ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ಎರಡು ದಿನಕ್ಕೊಮ್ಮೆ, ಕೆಲವೊಮ್ಮೆ ಮೂರು ದಿನಕ್ಕೊಮ್ಮೆ. ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಯಾವಾಗ ಬೇಕಾದರೂ ಬರುತ್ತದೆ, ಮುಕ್ಕಾಲು ಗಂಟೆ ಇದ್ದು ಹೋಗುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಕೊಡ ಹಿಡಿದು ಸಿದ್ಧ ಇರಬೇಕು. ನಾನು ಓಡಲು ಹೊರಡುವ ಹೊತ್ತೂ ಅದೇ. ಹಾಗಾಗಿ ಆ ಒಬ್ಬರು ಯಾವಾಗಲೂ ಶಿವಲೀಲಾ. ಒಲೆಯ ಮೇಲೆ ರೊಟ್ಟಿ, ಹೊರಗೆ ನೀರು, ಒಳಗೆ ಜಡೆ ಹಾಕಿಸಿಕೊಳ್ಳಲು ಕೂತ ಚೈತ್ರಾ. ಎರಡೇ ಕೈ.

ಶ್ರಾವಣದಲ್ಲಿ ಒಂದು ದಿನ ಬೆವರು ಸುರಿಸುತ್ತಾ ಮನೆಗೆ ಬಂದೆ. ತವೆಯ ಮೇಲೆ ರೊಟ್ಟಿ ಇದ್ದಿಲಾಗಿತ್ತು. ಡ್ರಮ್ಮು ಅರ್ಧ ತುಂಬುವುದರೊಳಗೆ ನೀರು ನಿಂತಿತ್ತು. ಅವಳ ಸೀರೆ ಮೊಣಕಾಲಿನ ತನಕ ಒದ್ದೆ. ಆ ಗಳಿಗೆಯಲ್ಲಿ ನಾನು ಏನು ಹೇಳಬೇಕಿತ್ತು? ‘ಇವತ್ತು ಒಂದು ನಿಮಿಷ ಕಮ್ಮಿ ಆಯ್ತು’ ಅಂದೆ. (ಗಂಡಸರಿಗೆ ಮಾತ್ರ ಬರುವ ಸಮಯಪ್ರಜ್ಞೆ ಇದು.)

ಶಿವಲೀಲಾ ಕೊಡ ಕೆಳಗಿಟ್ಟಳು. ‘ಒಂದು ಮಾತು ಹೇಳ್ತೀನಿ, ಕೇಳ್ರಿ. ಹೋದ ವರ್ಷ ಗಂಟಿ ಮ್ಯಾಲ ನಾಕು ನಿಮಿಷ. ಈ ವರ್ಷ ಗಂಟಿ ಒಳಗ ಬರ್ರಿ, ಬೆಳಿಗ್ಗಿ ಹೊತ್ತು ಪೂರಾ ನಿಮ್ಮದು, ನಾ ಬಾಯಿ ಬಿಡೂದಿಲ್ಲ. ಬರ್ಲಿಲ್ಲ ಅಂದ್ರ ಬೂಟು ಅಟ್ಟಕ್ಕ, ಕೊಡ ಕೈಗಿ. ಆತಿಲ್ಲ?’

‘ಆತು,’ ಅಂದೆ.

ಅಂದಿನಿಂದ ನಿಜವಾದ ತಾಲೀಮು ಶುರು. ಅಲ್ಲಿಯ ತನಕ ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತಿದ್ದೆ. ಹನ್ನೆರಡನೇ ಸುತ್ತೋ ಹದಿಮೂರನೆಯದೋ ಅನ್ನುವುದೇ ಮರೆತುಹೋಗುತ್ತಿತ್ತು. ಅದಕ್ಕೇ ಕೂಡ್ಲಿಗಿ ರಸ್ತೆ ಹಿಡಿದೆ. ಊರ ಹೊರಗೆ ಒಂದು ಕಿಲೋಮೀಟರ್ ಕಲ್ಲಿದೆ. ಅಲ್ಲಿಂದ ಐದನೆಯ ಕಲ್ಲು ಒಂದು ಹಟ್ಟಿಯ ಹಾದಿ ಕೂಡುವ ಕಡೆ ನಿಂತಿದೆ. ನಡುವಿನ ಕಲ್ಲುಗಳು ಜಾಲಿ ಪೊದೆಯಲ್ಲಿ ಮುಚ್ಚಿಹೋಗಿವೆ. ಇರಲಿ, ನನಗೆ ಬೇಕಾದದ್ದು ಎರಡೇ. ಈ ಕಲ್ಲಿನಿಂದ ಹೊರಟು ಹಟ್ಟಿ ಕಲ್ಲು ಮುಟ್ಟಿ ಬಂದರೆ ಹತ್ತು ಕಿಲೋಮೀಟರ್. ಸರಳ ಲೆಕ್ಕ.

ಆದರೆ ನಮ್ಮ ಕಡೆ ರಸ್ತೆಯಲ್ಲಿ ಓಡುವುದು ಸರಳ ಅಲ್ಲ. ವಯಸ್ಸಾದ ಗಂಡಸು ಬೆಳಗಿನ ಜಾವ ಓಡುತ್ತಿದ್ದಾನೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಹಾಲಿನ ಕ್ಯಾನಿನವರು ಸೈಕಲ್ ನಿಲ್ಲಿಸಿ, ‘ಯಾಕ್ರೀ ಮೇಷ್ಟ್ರೇ, ಬಸ್ ತಪ್ಪಿತೇನ್ರಿ? ಹಿಂದ ಕುಂದರ್ರಿ, ಬಿಡ್ತೀನಿ’ ಅನ್ನುತ್ತಾರೆ. ಟ್ರ್ಯಾಕ್ಟರಿನವರು ಎಂಜಿನ್ ಆಫ್ ಮಾಡಿ, ‘ಯಾರಿಗೇನಾತ್ರಿ?’ ಅನ್ನುತ್ತಾರೆ. ಮಾತಾಡಿಸಿದವರಿಗೆ ನಿಂತು ಉತ್ತರ ಕೊಡದೆ ಹೋದರೆ ಮೇಷ್ಟ್ರಿಗೆ ಸೊಕ್ಕು ಬಂದಿದೆ ಅಂತ ಸಂತೆಯಲ್ಲಿ ಸುದ್ದಿ. ಮೊದಲ ವಾರ ನಿಂತು ನಿಂತು ಹೇಳಿದೆ. ಆಮೇಲೆ ಓಡುತ್ತಲೇ ಕೈ ಎತ್ತಿ ‘ಎಲ್ಲಾ ಆರಾಮ’ ಅನ್ನುವುದನ್ನು ಕಲಿತೆ. ಟೈಮಿಂಗ್ ಎರಡು ನಿಮಿಷ ಸುಧಾರಿಸಿದ್ದು ಅದರಿಂದಲೇ.

ಹಟ್ಟಿ ಕಲ್ಲಿನ ಹತ್ತಿರ ಇನ್ನೊಂದು ಕಾಟ. ಮೊದಲ ಬಸ್ಸು ನಿಲ್ಲುವುದು ಅಲ್ಲೇ. ಸೊಪ್ಪು, ಹಸಿಮೆಣಸಿನಕಾಯಿ ಬುಟ್ಟಿ ಇಟ್ಟುಕೊಂಡು ಏಳೆಂಟು ಹೆಣ್ಣುಮಕ್ಕಳು ಕಲ್ಲಿನ ಸುತ್ತ ಕೂತಿರುತ್ತಾರೆ. ನಾನು ಓಡಿ ಬಂದು, ಬಗ್ಗಿ, ಕಲ್ಲಿನ ತಲೆ ಮುಟ್ಟಿ, ತಿರುಗಿ ಓಡುತ್ತೇನೆ. ಅವರು ಬಿದ್ದು ಬಿದ್ದು ನಗುತ್ತಾರೆ. ಒಂದು ದಿನವೂ ತಪ್ಪಿಲ್ಲ. ನನ್ನ ಚಡ್ಡಿ ನೋಡಿ ನಗುತ್ತಾರೆ ಅಂದುಕೊಂಡು ಉದ್ದ ಪ್ಯಾಂಟು ಹೊಲಿಸಿದೆ. ಆಗಲೂ ನಕ್ಕರು.

ಮನೆಗೆ ಬಂದ ತಕ್ಷಣ ಚೈತ್ರಾ ನೋಟ್‌ಬುಕ್ ತೆರೆದು ಟೈಮ್ ಬರೆದುಕೊಳ್ಳುತ್ತಿದ್ದಳು. ಶುರುವಿನಲ್ಲಿ ಒಂದು ಗಂಟೆ ಒಂಬತ್ತು ನಿಮಿಷ. ಅಂದರೆ ಹೋದ ವರ್ಷಕ್ಕಿಂತಲೂ ಐದು ನಿಮಿಷ ಹೆಚ್ಚು! ದಸರೆಗೆ ಒಂದು ಗಂಟೆ ಆರು. ದೀಪಾವಳಿಗೆ ಒಂದು ಗಂಟೆ ನಾಲ್ಕು. ಅಲ್ಲಿಗೆ ಮೂರು ತಿಂಗಳು ಬೆವರು ಸುರಿಸಿ ಹೋದ ವರ್ಷ ಎಲ್ಲಿದ್ದೆನೋ ಅಲ್ಲಿಗೆ ಬಂದು ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಬೆಳಿಗ್ಗೆ ಶೂ ಬಿಚ್ಚುತ್ತಾ ಕಣ್ಣಲ್ಲಿ ನೀರು ಬಂತು. ಬೆವರು ಅಂತ ಮಗಳಿಗೆ ಹೇಳಿದೆ.

ದೀಪಾವಳಿ ಕಳೆದ ಮೇಲೆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಶಿವಲೀಲಾ ಜಗಳ ನಿಲ್ಲಿಸಿದಳು. ಬೆಳಿಗ್ಗೆ ನಾನು ಏಳುವುದಕ್ಕೆ ಮೊದಲೇ ಎದ್ದು ಜೋಳದ ಗಂಜಿ ಮಾಡಿಡುತ್ತಿದ್ದಳು. ಬಂದ ಮೇಲೆ ಕೈಗೆ ಶೇಂಗಾ, ಬೆಲ್ಲ. ‘ಇವತ್ತೆಷ್ಟು?’ ಅನ್ನುವಳು. ‘ಒಂದು ಗಂಟಿ ಮೂರು’ ಅಂದರೆ, ‘ಸಾಲೂದಿಲ್ಲ. ಇನ್ನೊಂದೀಟು ಜೋರ ಓಡ್ರಿ’ ಅನ್ನುವಳು. ಹೆಂಡತಿ ಬೈಯುತ್ತಿದ್ದರೆ ಗಂಡಸು ನಿಶ್ಚಿಂತೆಯಾಗಿರಬಹುದು. ಬೈಯುವುದು ನಿಂತರೆ? ನನಗೆ ಹೆದರಿಕೆಯೇ ಆಯಿತು. ಇವಳು ಕೊಡ ನನ್ನ ಕೈಗಿಡುವ ದಿನವನ್ನು ಎಣಿಸುತ್ತಿದ್ದಾಳೆ ಅಂದುಕೊಂಡೆ.

ಓಟಕ್ಕೆ ಒಂದು ವಾರ ಉಳಿದಾಗ ನನ್ನ ಅತ್ಯುತ್ತಮ ಸಮಯ ಒಂದು ಗಂಟೆ ನಲವತ್ತು ಸೆಕೆಂಡ್. ಗಂಟೆಯ ಒಳಗೆ ಒಮ್ಮೆಯೂ ಬರಲಿಲ್ಲ. ಒಂದೇ ಒಂದು ಸಲವೂ ಇಲ್ಲ. ಶನಿವಾರ ಸಂಜೆ ಅಟ್ಟದಲ್ಲಿ ಶೂ ಇಡಲು ಜಾಗ ಎಲ್ಲಿದೆ ಅಂತ ನೋಡಿಯೂ ಬಂದೆ.

ಭಾನುವಾರ ಮೂವರೂ ಮೊದಲ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋದೆವು. ‘ನಾವೂ ಬರ್ತೀವಿ’ ಅಂತ ಅವಳೇ ಹೊರಟಿದ್ದಳು. ಹೋದ ವರ್ಷ ಬಂದಿರಲಿಲ್ಲ. ವಾಚ್ ನೋಡಿದರೆ ಧೈರ್ಯ ಕುಸಿಯುತ್ತದೆ ಅಂತ ಅದನ್ನು ಮಗಳ ಕೈಗೆ ಕೊಟ್ಟು ಓಡಿದೆ. ಐದು ಕಿಲೋಮೀಟರ್ ತಿರುವು ಎಷ್ಟು ಬೇಗ ಬಂತು ಅಂದರೆ, ಇದು ನೀರು ಕೊಡುವ ಜಾಗ ಇರಬೇಕು ಅಂತ ಮುಂದಕ್ಕೆ ಓಡಲು ಹೋದೆ. ಸ್ವಯಂಸೇವಕರು ಹಿಡಿದು ತಿರುಗಿಸಿದರು. ಎಂಟನೆಯ ಕಿಲೋಮೀಟರಿನಲ್ಲಿ ಒಂದು ಪರಿಚಿತ ಬೆನ್ನು ಸಿಕ್ಕಿತು. ಹರಪನಹಳ್ಳಿ ಸಾಹುಕಾರರದು! ದಾಟಿದೆ. ದಾಟುವಾಗ, ‘ಏನ್ ಸಾರ್, ಇಷ್ಟು ಜೋರು? ಏನು ತಿಂತೀರಿ?’ ಅಂತ ಹಿಂದಿನಿಂದ ಕೂಗಿದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಸೊಕ್ಕು ಅಂದುಕೊಂಡಿರಲಿ.

ಆಮೇಲೆ ಟೇಬಲ್ಲು, ತಕರಾರು, ಸರಪಳಿ, ನಗು. ಅದು ನಿಮಗೆ ಗೊತ್ತು.

ಶಿವಲೀಲಾ ಜನರನ್ನು ಸರಿಸಿಕೊಂಡು ಬಂದು ಸಂಘಟಕರಿಗೆ ಕೈ ಮುಗಿದಳು. ‘ನಿಮ್ಮ ರಸ್ತಿ ಸರಿ ಐತ್ರಿ ಅಣ್ಣಾರ. ಇವರ ಮಾತು ಮನಸಿಗಿ ಹಚ್ಕೋಬ್ಯಾಡ್ರಿ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಇವ್ರದು ಗಿಡ್ಡ ಅಲ್ಲ. ನಿಮ್ಮದು ಉದ್ದ.’

‘ಯಾವುದು ನಮ್ಮದು?’

‘ಹಟ್ಟಿ ಕಲ್ಲು. ಅದು ಮೊದ್ಲಿದ್ದ ಜಾಗದಾಗ ಇಲ್ಲ. ಹೋದ ಬ್ಯಾಸಿಗ್ಯಾಗ ಹಟ್ಟಿ ಗಂಡಸ್ರು ಕಿತ್ತು ತಂದು ಎರಡು ಫರ್ಲಾಂಗ್ ಆಚಿಗಿ ಹುಗಿದಾರ.’

ವಿಷಯ ಇಷ್ಟೇ. ಬಸ್ಸು ನಿಲ್ಲುವುದು ಕಲ್ಲಿನ ಹತ್ತಿರ, ಆಗ ಕಲ್ಲು ಹಳೆಯ ಜಾಗದಲ್ಲಿತ್ತು. ಹಟ್ಟಿಯ ಹಾದಿ ರಸ್ತೆಗೆ ಕೂಡುವುದು ಅಲ್ಲಿಂದ ಎರಡು ಫರ್ಲಾಂಗ್ ಆಚೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಅಷ್ಟು ದೂರ ನಡೆದು ಬರಬೇಕಿತ್ತು. ಹಾದಿಯ ಬಾಯಿಗೇ ನಿಲ್ಲಿಸಿರಪ್ಪಾ ಅಂತ ಬಸ್ಸಿನವರನ್ನು ಕೇಳಿದ್ದಾರೆ. ಸ್ಟಾಪ್ ಇರುವುದು ಕಲ್ಲಿಗೆ, ಹಾದಿಗಲ್ಲ ಅನ್ನುವ ಉತ್ತರ ಬಂದಿದೆ. ನಾಲ್ಕಾರು ಸಲ ಕೇಳಿ ಸಾಕಾಗಿ, ಬಸ್ಸು ಕಲ್ಲು ಬಿಟ್ಟು ಬರುವುದಿಲ್ಲ ಅಂದರೆ ಕಲ್ಲೇ ಬರಲಿ ಅಂತ ಹಟ್ಟಿಯ ಗಂಡಸರು ಹಾರೆ ತಗೊಂಡು ಹೋಗಿದ್ದಾರೆ. ಮಾರನೆಯ ಬೆಳಿಗ್ಗೆ ಬಸ್ಸು ಕಲ್ಲು ಕಂಡ ಕಡೆ ನಿಂತಿತು. ಯಾರೂ ಏನೂ ಕೇಳಲಿಲ್ಲ.

ಹೋಗುವಾಗ ಎರಡು ಫರ್ಲಾಂಗ್, ಬರುವಾಗ ಎರಡು. ದಿನಾ ಹತ್ತು ಕಿಲೋಮೀಟರಿನ ಮೇಲೆ ನಾಲ್ಕು ಫರ್ಲಾಂಗ್, ಅಂದರೆ ಎಂಟುನೂರು ಮೀಟರ್, ಪುಕ್ಕಟೆ ಓಡುತ್ತಿದ್ದೆ! ಹಾಗಾದರೆ ಮೊದಲ ದಿನದ ಆ ಒಂದು ಗಂಟೆ ಒಂಬತ್ತು ಹೋದ ವರ್ಷದಷ್ಟೇ ವೇಗ. ದೀಪಾವಳಿಯ ಹೊತ್ತಿಗೇ ನಾನು ಗಂಟೆಯ ಒಳಗೆ ಬಂದಿದ್ದೆ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಎಂಟನೇ ಕ್ಲಾಸಿಗೆ ಪ್ರತಿ ವರ್ಷ ಅಳತೆಯ ಪಾಠ ಮಾಡುತ್ತೇನೆ. ಮೊದಲು ಅಳೆಯುವ ಸಾಧನ ಸರಿ ಇದೆಯೇ ನೋಡಿಕೊಳ್ಳಬೇಕು ಅಂತ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ. ಮನೆಯಲ್ಲಿ ಅಳತೆಪಟ್ಟಿ ಇತ್ತು, ಊರಲ್ಲಿ ಸ್ಕೂಟರ್ ಇದ್ದವರು ಹತ್ತು ಜನ ಪರಿಚಯ. ಒಂದು ದಿನವಾದರೂ ಅಳೆದು ನೋಡಿದೆನೇ?

‘ನಿನಗ್ಯಾರು ಹೇಳಿದ್ರು?’

‘ಸೊಪ್ಪಿನ ಹನುಮಕ್ಕ. ದೀಪಾವಳಿ ಮುಂದ ಮನಿ ಬಾಗಿಲಿಗೆ ಬಂದಾಗ ಕೇಳಿದ್ಲು, ನಿಮ್ಮ ಮೇಷ್ಟ್ರು ನಾವು ಹುಗಿದ ಕಲ್ಲಿಗಿ ದಿನಾ ಬಂದು ನಮಸ್ಕಾರ ಮಾಡಿ ಹೋಗ್ತಾರಲ್ರೀ ಅಕ್ಕಾರ, ಏನು ಹರಕಿ ಅಂತ.’

ಅಂದರೆ ಹಟ್ಟಿಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತವರಿಗೆ ಗೊತ್ತಿತ್ತು. ನನ್ನ ಹೆಂಡತಿಗೆ ಮೂರು ತಿಂಗಳಿಂದ ಗೊತ್ತಿತ್ತು. ಉದ್ದ ಪ್ಯಾಂಟು ಸುಮ್ಮನೆ ಹೊಲಿಸಿದೆ.

ವಾಪಸ್ ಬರುವ ಬಸ್ಸಿನಲ್ಲಿ ಚೈತ್ರಾ ಕಿಟಕಿಗೆ ಒರಗಿ ನಿದ್ದೆ ಹೋದಳು. ನನ್ನ ತಲೆಯಲ್ಲಿ ಕಲ್ಲೇ ತಿರುಗುತ್ತಿತ್ತು. ನನ್ನ ಕ್ಲಾಸಿನ ಹಿಂದಿನ ಬೆಂಚು ನೆನಪಾಯಿತು. ಬೆಳಿಗ್ಗೆ ಎಮ್ಮೆ ಹಿಂಡಿ, ತಮ್ಮನನ್ನು ಎತ್ತಿಕೊಂಡು ಆಡಿಸಿ, ಹಳ್ಳಿಯಿಂದ ನಡೆದು ಬರುವ ಹುಡುಗಿಯರು ಅಲ್ಲಿ ಕೂರುತ್ತಾರೆ. ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಅವರ ನಾಲ್ಕು ಫರ್ಲಾಂಗ್ ಮುಗಿದಿರುತ್ತದೆ. ಆಮೇಲೆ ನಾನು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ನಲವತ್ತು ಬಂದವರನ್ನು ನಿಲ್ಲಿಸಿ ‘ಸಾಲದು’ ಅನ್ನುತ್ತೇನೆ. ಯಾರು ಎಲ್ಲಿಂದ ಓಡಿ ಬಂದರು ಅಂತ ಇಷ್ಟು ವರ್ಷ ಕೇಳಿಲ್ಲವಲ್ಲ ಅನ್ನಿಸಿ ಬೇಸರವಾಯಿತು. ಸೋಮವಾರದಿಂದ ಕೇಳಬೇಕು ಅಂದುಕೊಂಡೆ. ಕೇಳುತ್ತಿದ್ದೇನೆ ಕೂಡ.

ಬಸ್ಸು ಅರ್ಧ ದಾರಿಗೆ ಬಂದಾಗ ಇನ್ನೊಂದು ವಿಷಯ ಹೊಳೆಯಿತು. ಕಲ್ಲಿನ ಸುದ್ದಿ ಕೊಟ್ಟ ಹೊಡೆತಕ್ಕಿಂತ ಇದರ ಹೊಡೆತ ಜೋರು. ನಾನು ಸೋತಿದ್ದರೆ ಬೆಳಗಿನ ನೀರಿನ ಕೆಲಸ ಅವಳ ತಲೆಯಿಂದ ಇಳಿಯುತ್ತಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಅವಳು ಗಂಜಿ ಕಾಯಿಸಿದಳು, ಜೋರಾಗಿ ಓಡ್ರಿ ಅಂದಳು, ತನ್ನ ಪಂದ್ಯವನ್ನು ತಾನೇ ಸೋಲುವ ಹಾಗೆ ನೋಡಿಕೊಂಡಳು.

‘ಲೇ, ಅವತ್ತ ಯಾಕ ಹೇಳ್ಲಿಲ್ಲ?’

‘ಹೇಳಿದ್ರ ಅವತ್ತ ಗಂಟಿ ಒಳಗ ಬಂದೆ ಅಂತ ಕುಣಿದು, ಮರುದಿನದಿಂದ ನಿಧಾನ ಓಡ್ತಿದ್ರಿ. ನಿಮ್ಮ ಸ್ವಭಾವ ನಂಗೊತ್ತಿಲ್ಲೇನು?’

‘ಆದ್ರ ನಾ ಗೆದ್ರ ನೀರು ನಿನ್ನ ಪಾಲಿಗೇ ಉಳೀತಿತ್ತಲ್ಲ?’

ಅವಳು ಮಗಳ ತಲೆಯನ್ನು ಕಿಟಕಿಯಿಂದ ತನ್ನ ಹೆಗಲಿಗೆ ಎಳೆದುಕೊಂಡಳು. ‘ಉಳೀಲಿ ಬಿಡ್ರಿ. ಸೋತು ಕೊಡ ಹಿಡ್ದ ಗಂಡನ ಮಾರಿ ದಿನಾ ಬೆಳಿಗ್ಗಿ ಯಾರು ನೋಡ್ಬೇಕು?’

ನಾನು ಕಿಟಕಿಯ ಕಡೆ ತಿರುಗಿದೆ. ಬೆವರು ಅಂತ ಹೇಳಲು ಈ ಸಲ ಆಗಲಿಲ್ಲ.

ಸೋಮವಾರ ಸಂಜೆ ನಮ್ಮ ಓಣಿಗೆ ನೀರು ಬಿಡುವವನ ಮನೆಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿ. ನಾಳೆ ನೀರು ಉಂಟೋ ಇಲ್ಲವೋ ಅಂತ ಹಿಂದಿನ ದಿನವೇ ಗೊತ್ತಾಗುತ್ತದೆಯೇ ಅಂತ ಕೇಳಿದೆ. ‘ಗೊತ್ತಾಗ್ತೈತ್ರಿ ಸರ್. ನೀವು ಕೇಳಿದ್ರ ದಿನಾ ಹೇಳ್ತಿದ್ನಿ,’ ಅಂದ. ನೀರಿಗಾಗಿ ತಿಂಗಳುಗಟ್ಟಲೆ ಜಗಳ ಮಾಡಿದೆವು. ಕೇಳಬೇಕು ಅಂತ ವಿಜ್ಞಾನದ ಮೇಷ್ಟ್ರಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಈಗ ನೀರು ಬರುವ ದಿನ ನಾನೇ ಕೊಡ ಹಿಡಿಯುತ್ತೇನೆ, ಬಾರದ ದಿನ ಓಡುತ್ತೇನೆ. ಮೊದಲ ದಿನ ಹದಿನಾರು ಕೊಡ ಹೊತ್ತು ಸೊಂಟ ಹಿಡಿದುಕೊಂಡು ಕೂತೆ. ಹತ್ತು ಕಿಲೋಮೀಟರಿಗೆ ಇಷ್ಟು ಸುಸ್ತಾಗಿರಲಿಲ್ಲ. ಶಿವಲೀಲಾ ಕಟ್ಟೆಯ ಮೇಲೆ ಆರಾಮಾಗಿ ಚಹಾ ಕುಡಿಯುತ್ತಾ ಕೂತಿದ್ದಳು. ಚೈತ್ರಾ ನೋಟ್‌ಬುಕ್ ತೆರೆದು, ‘ಅಪ್ಪಾ, ಮೂವತ್ತೊಂದು ನಿಮಿಷ. ಅವ್ವಂದು ಇಪ್ಪತ್ತೆರಡು’ ಅಂದಳು.

ಅವ್ವನ ಟೈಮು ಯಾವಾಗಿನಿಂದ ಬರೆದಿಡುತ್ತಿದ್ದಾಳೆ ಅಂತ ನೋಡಿದೆ. ಶ್ರಾವಣದಿಂದ! ಒಂದು ಪುಟದಲ್ಲಿ ನಾನು, ಎದುರಿನ ಪುಟದಲ್ಲಿ ಅವಳು. ಇಷ್ಟು ದಿನ ನಾನು ನನ್ನ ಪುಟ ಮಾತ್ರ ನೋಡಿದ್ದೆ.

ಹದಿನಾಲ್ಕು ವರ್ಷದ ಸಂಸಾರ. ಇನ್ನೂ ಯಾವ ಯಾವ ಕಲ್ಲು ಎಲ್ಲೆಲ್ಲಿಗೆ ಸರಿದು ಕೂತಿದೆಯೋ, ಹನುಮಕ್ಕನನ್ನೇ ಕೇಳಬೇಕೇನೋ?